ಹಿಂದಕ್ಕೆ ಮಾತ್ರ ಹೋಗುವ ಕಾರು

ನಮ್ಮ ಮನೆಯಲ್ಲಿ ಯಾವ ಯಂತ್ರವೂ ವಯಸ್ಸಾಗಿ ಸತ್ತಿಲ್ಲ. ಎಲ್ಲವನ್ನೂ ನಮ್ಮ ಮಾವನೇ ರಿಪೇರಿ ಮಾಡಿ ಮುಗಿಸಿದ್ದಾರೆ! ದೂರುತ್ತಿದ್ದೇನೆ ಎಂದುಕೊಳ್ಳಬೇಡಿ, ಹೊಗಳುತ್ತಿದ್ದೇನೆ. ಚೆನ್ನಾಗಿ ಓಡುತ್ತಿರುವ ಗೋಡೆ ಗಡಿಯಾರವನ್ನು ‘ಯಾಕೆ ಓಡ್ತಿದೆ ನೋಡೋಣ’ ಎಂದು ಬಿಚ್ಚುವ ಧೈರ್ಯ ಎಷ್ಟು ಜನಕ್ಕಿರುತ್ತದೆ? ಮಾವ ಎಂದರೆ ನನ್ನ ಸೋದರತ್ತೆಯ ಗಂಡ. ದಾವಣಗೆರೆ ಕಡೆಯವರು, ರಾಜಾಜಿನಗರದಲ್ಲಿ ಮನೆ, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ. ಎಪ್ಪತ್ತರ ದಶಕದಲ್ಲಿ ನಾನು ಅವರ ಮನೆಯಲ್ಲಿದ್ದುಕೊಂಡೇ ಹತ್ತಿರದ ಶಾಲೆಯಲ್ಲಿ ಟೀಚರಮ್ಮನಾಗಿದ್ದೆ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸ್ಪ್ಯಾನರ್. ಇವೆರಡಿಲ್ಲದ ಮಾವನನ್ನು ನಾನು ಕಂಡೇ ಇಲ್ಲ.

ಇಂಥವರ ಮನೆಗೆ ಒಂದು ದಿನ ಕಾರು ಬಂತು. ಅಂತಿಂಥ ಕಾರಲ್ಲ, ಅರ್ಧ ಬೀದಿಯಷ್ಟು ಉದ್ದದ ಹಳೆಯ ವಿದೇಶಿ ಕಾರು. ಊರು ಬಿಟ್ಟು ಹೊರಟಿದ್ದ ಯಾರೋ ದೊಡ್ಡ ಮನುಷ್ಯರು, ಕೊಳ್ಳುವವರು ಸಿಗದೆ, ಹೆಚ್ಚುಕಡಿಮೆ ಪುಕ್ಕಟೆಯಾಗಿ ಮಾವನ ಕುತ್ತಿಗೆಗೆ ಕಟ್ಟಿದ್ದರು. ಅದರ ವಿಶೇಷವೆಂದರೆ ಆಟೋಮ್ಯಾಟಿಕ್ ಗೇರು. ಅಕ್ಕಪಕ್ಕದವರು ಬಗ್ಗಿ ಬಗ್ಗಿ ನೋಡಿದರು.

“ಕ್ಲಚ್ ಪೆಡಲ್ಲೇ ಇಲ್ವಲ್ಲ ಸಾರ್!”

“ಬೇಕಾಗಿಲ್ಲ. ಗೇರು ತಾನಾಗೇ ಬದಲಾಗುತ್ತೆ,” ಎಂದರು ಮಾವ, ಅದನ್ನು ತಾವೇ ಹೆತ್ತವರ ಹಾಗೆ.

“ಸದ್ಯ,” ಎಂದರು ಅತ್ತೆ ಬಾಗಿಲಲ್ಲಿ ನಿಂತು. “ಈ ಮನೇಲಿ ಹೇಳಿಸ್ಕೊಳ್ದೆ ಕೆಲ್ಸ ಮಾಡೋದು ಒಂದಾದ್ರೂ ಬಂತಲ್ಲ!”

ಅತ್ತೆಯ ಬಾಯಿ ಹಾಗೆ. ಕಾರು ನಾಲ್ಕು ದಿನ ಮರ್ಯಾದೆಯಿಂದ ಓಡಿ, ಆಮೇಲೆ ಏರು ಬಂದಾಗಲೆಲ್ಲ ಸುಮ್ಮನೆ ಅರಚತೊಡಗಿತು. ಮೂಡಲಪಾಳ್ಯದ ಕಡೆಯಿಂದ ಕರೆಸಿದ ಮೆಕ್ಯಾನಿಕ್ ಒಬ್ಬ ಕೆಳಗೆ ತೂರಿ ನೋಡಿ, “ಇದ್ರೊಳಗೆ ಏನಿದೆ ಅಂತ ಆ ದೇವ್ರಿಗೇ ಗೊತ್ತು ಸಾರ್,” ಎಂದು, ಕಾಫಿಯನ್ನೂ ಕುಡಿಯದೆ ಹೊರಟುಹೋದ. ಮಾವನ ಮುಖ ಅರಳಿತು! ದೇವರಿಗೆ ಮಾತ್ರ ಗೊತ್ತಿರುವ ಸಂಗತಿ ಎಂದಮೇಲೆ ಬಿಚ್ಚದೆ ಇರುವುದುಂಟೆ?

ಬಿಚ್ಚಿದರು. ಗೇರ್ ಬಾಕ್ಸ್ ಜಗುಲಿಗೆ ಬಂತು. ಹಿಟ್ಟು ನಾದುವ ಪರಾತದಲ್ಲಿ ಹಲ್ಲಿನ ಚಕ್ರಗಳು, ರೊಟ್ಟಿ ಡಬ್ಬಿಯಲ್ಲಿ ಕ್ಲಚ್ ಬಿಲ್ಲೆಗಳು, ಇಡ್ಲಿ ತಟ್ಟೆಯ ಕುಳಿಗಳಲ್ಲಿ ಸ್ಪ್ರಿಂಗು ಮತ್ತು ಉಕ್ಕಿನ ಗುಂಡುಗಳು. ನಾವು ಉಪ್ಪಿಟ್ಟು ತಿಂದುಕೊಂಡು ಬದುಕಿದೆವು. ಆ ಕಾರಿನ ಗೇರ್ ಎಣ್ಣೆ ಕುಂಕುಮದ ನೀರಿನಂತೆ ಕೆಂಪಗಿತ್ತು. ಒಂದು ಬೆಳಿಗ್ಗೆ ಅದು ಹೊಸ್ತಿಲ ಮೇಲೆ ಚೆಲ್ಲಿತ್ತು. ಅತ್ತೆ ಹಾಲಿನ ಪಾತ್ರೆ ಹಿಡಿದು ಬಂದವರು ಜಾರಿ ಬಿದ್ದು, ಕಾಲಿನ ಮೂಳೆ ಮುರಿದುಕೊಂಡರು. ಓಡಿ ಬಂದ ಮಾವ ಕೇಳಿದ ಮೊದಲ ಮಾತೇನು ಗೊತ್ತೆ?

“ಅಯ್ಯಯ್ಯೋ, ಎಣ್ಣೆ ಎಷ್ಟು ಚೆಲ್ತು?”

ಆಸ್ಪತ್ರೆಯಿಂದ ತೊಡೆವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಅತ್ತೆ, ಮಂಚದ ಮೇಲಿಂದಲೇ ತೀರ್ಪು ಕೊಟ್ಟರು. “ರೀ, ಕೇಳಿಸ್ಕೊಳ್ಳಿ. ಈ ಕಾಲು ಮಡಚಕ್ಕಾಗಲ್ಲ, ಆಟೋದಲ್ಲಿ ಹಿಡಿಸಲ್ಲ. ಪ್ಲಾಸ್ಟರ್ ಬಿಚ್ಚೋ ದಿನ ನಿಮ್ಮ ಕಾರಲ್ಲೇ ಕರ್ಕೊಂಡ್ ಹೋಗ್ಬೇಕು. ಆಗ್ಲಿಲ್ವಾ, ಮಾರನೇ ದಿನ ಗುಜರಿಯವನು ಮನೆ ಮುಂದೆ ಇರ್ತಾನೆ.”

ಅತ್ತೆ ಹೇಳಿದರೆ ಹೇಳಿದಂತೆಯೇ. ಮಾವ ಊಟ ನಿದ್ದೆ ಬಿಟ್ಟು ಎಲ್ಲವನ್ನೂ ಜೋಡಿಸಿದರು. ಬಾನೆಟ್ಟಿಗೆ ಮೂರು ಬೆರಳಲ್ಲಿ ವಿಭೂತಿ ಬಳಿದು, ಸ್ಟಾರ್ಟ್ ಮಾಡಿ, ಮುಂದಕ್ಕೆ ಗೇರ್ ಹಾಕಿದರು. ಇಂಜಿನ್ನು ಬೀದಿಗೆಲ್ಲ ಕೇಳುವಂತೆ ಗುಡುಗಿತು; ಕಾರು ಅಲುಗಲಿಲ್ಲ. ರಿವರ್ಸ್ ಹಾಕಿದರು. ಆಹಾ, ಏನು ಉತ್ಸಾಹ! ಹಿತ್ತಲಿನವರೆಗೂ ಹೋಗಿ ನುಗ್ಗೆ ಮರವನ್ನು ಮಲಗಿಸಿತು.

ಮಾವ ಕಾರಿನ ಕೆಳಗೆ ಮಲಗಿ, ರಬ್ಬರ್ ಕೊಳವೆಯ ಒಂದು ತುದಿ ಗೇರ್ ಬಾಕ್ಸಿಗೆ, ಇನ್ನೊಂದು ಕಿವಿಗೆ ಇಟ್ಟುಕೊಂಡು ಡಾಕ್ಟರಾದರು. ಮಧ್ಯಾಹ್ನ ಎದ್ದು ಬಂದು ಅತ್ತೆಯ ಮಂಚದ ಪಕ್ಕ ನಿಂತರು. “ನೋಡೇ, ಒಳಗೆ ಮುಂದಕ್ಕೊಂದು ಹಿಂದಕ್ಕೊಂದು ಕ್ಲಚ್ ಇದೆ. ಎರಡನ್ನೂ ಹಿಡಿಸೋದು ಎಣ್ಣೆ ಒತ್ತಡ. ಹಿಂದಕ್ಕೆ ಜೋರಾಗಿ ಹೋಗುತ್ತೆ, ಅಂದ್ರೆ ಎಣ್ಣೆ ಪಂಪು ಸರಿಯಾಗಿದೆ. ಹಾಗಾದ್ರೆ ಮುಂದಿನ ಕ್ಲಚ್ಚಿನ ರಬ್ಬರ್ ಸೀಲೇ ಹರಿದು ಎಣ್ಣೆ ಸೋರ್ತಿರೋದು. ಕೂರಿಸೋವಾಗ ನನ್ನ ಕೈಯಲ್ಲೇ ಹರಿದಿರ್ಬೇಕು. ಕೆಟ್ಟಿರೋದು ಯಾವ್ದು ಅಂತ ಗೊತ್ತಾಗೋಯ್ತು ಕಣೇ!”

“ನಂಗೆ ಮದುವೆ ದಿನಾನೇ ಗೊತ್ತಾಗಿತ್ತು,” ಎಂದರು ಅತ್ತೆ.

ಹೊಸ ಸೀಲು ಬೊಂಬಾಯಿಯಿಂದ ಬರಬೇಕಿತ್ತು. ಅದಕ್ಕಿಂತ ಮುಂಚೆ ಪ್ಲಾಸ್ಟರ್ ಬಿಚ್ಚುವ ದಿನ ಬಂತು. ಅತ್ತೆ ಸೀರೆ ಉಟ್ಟು, ಕುಂಕುಮ ಇಟ್ಟು, “ಗುಜರಿಯವನಿಗೆ ಹೇಳಿಕಳಿಸ್ಲಾ?” ಎಂದು ಕೇಳಿದರು. ಮಾವ ಕಾರಿನ ಹಿಂದಿನ ಬಾಗಿಲು ತೆಗೆದರು. “ಕಾರಲ್ಲಿ ಕರ್ಕೊಂಡ್ ಹೋಗ್ಬೇಕು ಅಂತ ನೀನು ಅಂದಿದ್ದೆ. ಮುಂದಕ್ಕೆ ಅಂದಿದ್ಯಾ?”

ಅಕ್ಕಪಕ್ಕದವರು ಕಾರನ್ನು ಬೀದಿಗೆ ತಳ್ಳಿಕೊಟ್ಟರು; ಹೀಗೆ ನಾವು ಆಸ್ಪತ್ರೆಗೆ ಹಿಂದುಹಿಂದಾಗಿ ಹೊರಟೆವು. ಅತ್ತೆ ಹಿಂದಿನ ಸೀಟಿನುದ್ದಕ್ಕೂ ಕಾಲು ಚಾಚಿ ದಿಂಬಿಗೆ ಒರಗಿದ್ದರು. ಮಾವ ಸೀಟಿನ ಮೇಲೆ ಕೈ ಹಾಕಿ, ಪೂರ್ತಿ ಹಿಂದಕ್ಕೆ ತಿರುಗಿ ಓಡಿಸುತ್ತಿದ್ದರು. ಮುಂದೆ ಕೂತ ನನ್ನ ಪಾಡು ಕೇಳಿ! ನಮ್ಮ ಬೆನ್ನು ಹತ್ತಿದ್ದ ಜಟಕಾದ ಕುದುರೆ, ಗಾಜಿನಾಚೆಯಿಂದ ನನ್ನ ಮುಖವನ್ನೇ ನೋಡುತ್ತಾ ಬಂತು. ಯಾರಿಗೆ ಹೆಚ್ಚು ನಾಚಿಕೆಯಾಯಿತೋ ಹೇಳಲಾರೆ.

ಸರ್ಕಲ್ಲಿನಲ್ಲಿ ಪೊಲೀಸಿನವನು ಕೈ ಅಡ್ಡ ಹಾಕಿದ. “ಎಲ್ಲಿಗ್ ಸಾರ್?”

“ಆಸ್ಪತ್ರೆಗೆ.”

“ಹೋಗ್ತಿದೀರೋ, ಬರ್ತಿದೀರೋ?”

ಅತ್ತೆ ಪ್ಲಾಸ್ಟರ್ ಕಾಲನ್ನು ಅಲ್ಲೇ ತಟ್ಟಿ ತೋರಿಸಿದರು. ನಮಗೆ ಯಾವ ಕಡೆ ಕೈ ತೋರಿಸಬೇಕೋ ತಿಳಿಯದೆ, ಅವನು ಸೀಟಿ ಊದಿ ಎಲ್ಲ ದಿಕ್ಕಿನ ವಾಹನಗಳನ್ನೂ ನಿಲ್ಲಿಸಿಬಿಟ್ಟ.

ಆಮೇಲೆ ರಸ್ತೆ ಖಾಲಿಯಿತ್ತು. ಮಾವ ಗುಂಡಿ ಬಂದಾಗಲೆಲ್ಲ “ನೋವಾಯ್ತಾ?” ಎಂದು ಕೇಳುತ್ತಿದ್ದರು. ಒಂದು ಸಲ, “ಅಲ್ವೇ, ನಿಂಗೆ ಯಾವಾಗ ಇಷ್ಟೊಂದು ನರೆ ಬಂತು?” ಎಂದರು.

“ನೀವು ಕಾರಿನ ಕೆಳಗಿದ್ದಾಗ.”

ಮಾವ ಪ್ಲಾಸ್ಟರ್ ಬಿಚ್ಚಿಸಿದ ಮೇಲೆ ಮೆತ್ತಗೆ, “ಆಟೋ ತರ್ಲಾ? ಈಗ ಹಿಡಿಸ್ಬಹುದು,” ಎಂದರು. ಅತ್ತೆ ಬೇಡವೆಂದರು. “ಬಂದ ಹಾಗೇ ಹೋಗೋಣ.” ನನಗೆ ರೇಗಿತು. ಮತ್ತೆ ಆ ಕುದುರೆ ಸಿಕ್ಕಿದರೆ? ಅತ್ತೆ ನನ್ನ ಕಿವಿಯಲ್ಲಿ, “ಇಷ್ಟು ದಿನ ಇವರ ಪಾದ ಮಾತ್ರ ನೋಡಿದೀನಿ ಕಣೇ, ಕಾರಿನ ಕೆಳಗಿಂದ ಚಾಚಿರೋದು. ಇವತ್ತು ದಾರಿ ಉದ್ದಕ್ಕೂ ನನ್ನ ಮುಖ ನೋಡ್ತಾ ಬಂದ್ರು,” ಎಂದರು. ನಾನು ಹೋಗಿ ಮುಂದಿನ ಸೀಟಿನಲ್ಲಿ ಕೂತೆ.

ಸೀಲು ಬಂತು. ಮಾವನ ಮಾತು ನಿಜವಾಗಿತ್ತು. ಹಳೆಯದರ ಅಂಚು ಹರಿದಿತ್ತು. ಹೊಸದನ್ನು ಕೂರಿಸಿದ ಮೇಲೆ ಕಾರು ಎಲ್ಲ ಕಾರುಗಳಂತೆ ಮುಂದಕ್ಕೆ ಓಡಿತು. ವಿಜಯನಗರದಲ್ಲಿದ್ದ ಅತ್ತೆಯ ತಂಗಿಯ ಮನೆಗೆ ಹೊರಟೆವು. ಕಾಲು ಇನ್ನೂ ಸರಿಯಾಗಿ ಮಡಚುತ್ತಿರಲಿಲ್ಲವಾಗಿ ಅತ್ತೆ ಹಿಂದಿನ ಸೀಟಿನಲ್ಲೇ ಕೂತಿದ್ದರು, ಮಾವನ ಬೆನ್ನು ನೋಡುತ್ತಾ. ಅವರ ಬಾಯಿಂದ ಒಂದು ಕೊಂಕು ಮಾತೂ ಬರಲಿಲ್ಲ. 

ಆಗ ಗಮನಿಸಿದೆ: ಕಾರಿನೊಳಗಿನ ಕನ್ನಡಿ ಒಂದು ಕಡೆಗೆ ವಾಲಿತ್ತು. ಹಿಂದೆ ಬರುವ ರಸ್ತೆ ಅದರಲ್ಲಿ ಚೂರೂ ಕಾಣುವಂತಿರಲಿಲ್ಲ. ಸರಿಮಾಡೋಣವೆಂದು ಕೈ ಚಾಚಿದೆ. ಬದುಕಿನಲ್ಲಿ ಒಂದು ವಸ್ತುವನ್ನೂ ಇದ್ದ ಹಾಗೆ ಇರಲು ಬಿಡದ ನಮ್ಮ ಮಾವ ನನ್ನ ಕೈ ತಡೆದರು.

“ಮುಟ್ಬೇಡ ಕಣಮ್ಮ. ಅದು ಸರಿಯಾಗೇ ಇದೆ.”

ಕನ್ನಡಿಯ ತುಂಬ ಅತ್ತೆಯ ಮುಖವಿತ್ತು.