ದೊಡ್ಡಮ್ಮನ ಕಾಲುಂಗುರದ ಗೆರೆ

ಚಿನ್ನದ ಗಣಿಯ ಊರಲ್ಲಿದ್ದುಕೊಂಡು ಚಿನ್ನ ಕಂಡರೆ ಮೂಗು ಮುರಿಯುವವರು ಉಂಟೇ? ಉಂಟು. ಆಂಡರ್ಸನ್‌ಪೇಟೆಯ ನಮ್ಮ ದೊಡ್ಡಮ್ಮ! ಅವರು ಪೆನ್ಸಿಲಿನ ಬದಲು ಬೆಳ್ಳಿ ತಂತಿಯ ಮೊನೆಯಿಂದ ಚಿತ್ರ ಬರೆಯುತ್ತಾರೆ. ಒಮ್ಮೆ ನನ್ನ ಹೆಂಡತಿಯ ಓಲೆ ಬಿಚ್ಚಿಸಿ, ತಾವು ಹದ ಮಾಡಿಟ್ಟ ಕಾಗದದ ಮೇಲೆ ಗೀಚಿ ನೋಡಿ, "ಚಿನ್ನ ಬರೆದಂಗೇ ಇರ್ತದೆ ಕಣ್ಲಾ. ಬೆಳ್ಳಿ ಗೆರೆ ಇವತ್ತು ಮಂಕು, ಓಗ್ತಾ ಓಗ್ತಾ ಕಪ್ಪಾಗಿ ಎದ್ದು ಬತ್ತದೆ" ಎಂದು ತೀರ್ಪು ಕೊಟ್ಟರು. ಅಂದಿನಿಂದ ನನ್ನ ಹೆಂಡತಿ ಅವರ ಮನೆಗೆ ಓಲೆ ತೆಗೆದಿಟ್ಟೇ ಹೋಗುತ್ತಾಳೆ.

ಬರಿಯ ಕಾಗದದ ಮೇಲೆ ಬೆಳ್ಳಿ ಮೂಡುವುದಿಲ್ಲ. ಮೊಟ್ಟೆಯ ಚಿಪ್ಪನ್ನು ನುಣ್ಣಗೆ ಅರೆದು, ಗೋಂದಿನಲ್ಲಿ ಕಲಸಿ ಬಳಿಯಬೇಕು. ದೊಡ್ಡಮ್ಮನೋ ಮೊಟ್ಟೆ ತಿನ್ನದವರು! ಸಂಜೆಯಾದರೆ ಆಮ್ಲೆಟ್ ಗಾಡಿಯ ಮುಂದೆ ನಿಂತು, "ಚಿಪ್ಪು ಮಾತ್ರ ಕೊಡಪ್ಪಾ" ಎನ್ನುತ್ತಿದ್ದರು. ಮಾಟಕ್ಕಿರಬೇಕೆಂದು ಹೆದರಿದ ಗಾಡಿಯವನು ಈಗ ಚಿಪ್ಪನ್ನು ತೊಳೆದು, ಕೈಮುಗಿದು ಕೊಡುತ್ತಾನೆ.

ಬೆಳ್ಳಿಯ ಗೆರೆಯನ್ನು ಅಳಿಸಲಾಗದು. ನಾನು ಮಾದರಿಯಾಗಿ ಕೂತಿದ್ದಾಗ ಸೊಳ್ಳೆ ಕಚ್ಚಿ ಮುಖ ತಿರುಗಿಸಿದೆ. ಚಿತ್ರದಲ್ಲಿ ಎರಡು ಮೂಗು! "ಎರಡೂ ನಿಂದೇ, ಇಟ್ಕೊ" ಎಂದರು. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತೇನೆ. ಇದು ಶತಮಾನಗಳ ಹಳೆಯ ಕಲೆ ಎಂದು ಡ್ರಾಯಿಂಗ್ ಮೇಷ್ಟ್ರೊಬ್ಬರು ವಿವರಿಸಿದರೂ ದೊಡ್ಡಮ್ಮ ಒಪ್ಪಲಿಲ್ಲ. ಸುಣ್ಣದ ಗೋಡೆಗೆ ತಮ್ಮ ಕಾಲುಂಗುರ ಉಜ್ಜಿ ಗೆರೆ ಮೂಡಿದ ದಿನವೇ ಈ ಕಲೆ ಹುಟ್ಟಿತೆಂದು ಅವರ ವಾದ.

ಅವರ ಮೊನೆಯೂ ಆ ಕಾಲುಂಗುರದ್ದೇ. ಸವಾರಿ ಸಿಕ್ಕರೆ ಊಟವನ್ನೇ ಮರೆತು ಆಟೊ ಓಡಿಸುತ್ತಿದ್ದ ದೊಡ್ಡಪ್ಪ ತೀರಿಕೊಂಡಾಗ, ಪದ್ಧತಿಯಂತೆ ಕಾಲುಂಗುರ ತೆಗೆಸಿದರು. ದೊಡ್ಡಮ್ಮ ಅಕ್ಕಸಾಲಿಗನ ಬಳಿ ಅದನ್ನು ತಂತಿಯಾಗಿ ಎಳೆಸಿಕೊಂಡು ಬಂದರು. ನೆಂಟರು ಗೊಣಗಿದಾಗ ಅವರು ಹೇಳಿದ್ದು ಇಷ್ಟೇ: "ಕಾಲಲ್ಲಿ ಇರಬಾರ್ದು ಅಂದ್ರಿ, ಸರಿ. ಕೈಲಿ ಇರಬಾರ್ದು ಅಂತ ಯಾರೂ ಅನ್ನಲಿಲ್ವಲ್ಲ."

ಊರಿನವರನ್ನೆಲ್ಲ ಬರೆದರು, ಆಮ್ಲೆಟ್ ಗಾಡಿಯವನನ್ನೂ. ದೊಡ್ಡಪ್ಪನನ್ನು ಮಾತ್ರ ಬರೆಯಲಿಲ್ಲ. ತಂತಿ ಸವೆದು ಅಕ್ಕಿಕಾಳಿನಷ್ಟಾಯಿತು. ಹೊಸ ಬೆಳ್ಳಿ ತಂದುಕೊಟ್ಟರೆ, "ಇದು ಅವರದಲ್ಲ" ಎಂದು ಹಿಂದಕ್ಕೆ ಕೊಟ್ಟರು. ಒಂದು ಗೆರೆ ತಪ್ಪಿದರೆ ಇನ್ನೊಂದಕ್ಕೆ ಬೆಳ್ಳಿಯಿಲ್ಲ ಎಂಬ ಭಯ ನನಗೆ.

ಮೊನ್ನೆ ಕೊನೆಗೂ ದೊಡ್ಡಪ್ಪನನ್ನು ಬರೆಯಲು ಕೂತರು. ಫೋಟೊ ಕೂಡ ನೋಡಲಿಲ್ಲ. ಕಾಳಿನಷ್ಟಿದ್ದ ಬೆಳ್ಳಿ ಪೂರ್ತಿ ಸವೆದಾಗ ಕೈ ನಿಂತಿತು. ನಾನು ಬಗ್ಗಿ ನೋಡಿದೆ. ಮಬ್ಬಾಗಿ ಒಂದು ಮುಖ, ಕಂಡೂ ಕಾಣದ ಹಾಗೆ.

"ಸರಿಯಾಗಿ ಕಾಣಿಸ್ತಿಲ್ಲವಲ್ಲ ದೊಡ್ಡಮ್ಮ" ಎಂದೆ.

ಅವರು ಚಿತ್ರವನ್ನು ಬೆಳಕು ಬೀಳುವಂತೆ ಗೋಡೆಗೆ ಒರಗಿಸಿಟ್ಟು, ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಊಟದ ಒತ್ತಿಗೆ ಯಾವತ್ತು ಬಂದವ್ರೆ ನಿಮ್ಮ ದೊಡ್ಡಪ್ಪ? ತಡವಾಗ್ತದೆ. ಬತ್ತಾರೆ."