ಅತ್ತೆಯ ನಾಲ್ಕು ಕಿವಿ

ದೇವರು ಎಲ್ಲರಿಗೂ ಎರಡೆರಡು ಕಿವಿ ಕೊಟ್ಟು ಕಳಿಸಿದ್ದಾನೆ. ನಮ್ಮ ಸೋದರತ್ತೆಗೆ ಅವು ಸಾಲಲಿಲ್ಲ. ಹಾಡು ಕೇಳಬೇಕೆಂದರೆ ಆಕೆಗೆ ನಾಲ್ಕು ಬೇಕು: ಎರಡು ತನ್ನವು, ಇನ್ನೆರಡು ಬಸ್ಸಿನಲ್ಲಿ ಪಕ್ಕಕ್ಕೆ ಕೂತವರವು!

ಅತ್ತೆಯ ಮನೆ ಇಳಕಲ್ಲಿನಲ್ಲಿ. ಸೀರೆಯ ಗಂಟು ಕಟ್ಟಿಕೊಂಡು ಸೋಮವಾರ ಹುನಗುಂದ, ಬುಧವಾರ ಬಾದಾಮಿ, ಶುಕ್ರವಾರ ನಾವಿರುವ ಬಾಗಲಕೋಟೆಯ ನವನಗರ ಎಂದು ಮನೆಮನೆಗೆ ಹೋಗಿ ಮಾರುತ್ತಾಳೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಆಕೆಯನ್ನು ಹುಡುಕುವವರು ಮನೆಗೆ ಹೋಗುವುದನ್ನೇ ಬಿಟ್ಟು ನೇರ ಬಸ್‌ಸ್ಟ್ಯಾಂಡಿಗೆ ಹೋಗುತ್ತಾರೆ. ಆಕೆಗೆ ಎರಡು ನೇಮಗಳಿವೆ. ಕೊಂಡವಳ ಹಣೆಗೆ ಕುಂಕುಮ ಹಚ್ಚದೆ ಸೀರೆ ಕೈಗಿಡುವುದಿಲ್ಲ; ಮುಸಲ್ಮಾನರ ಮನೆಯಾದರೆ ಕುಂಕುಮದ ಬದಲು ಒಂದು ಚಿಟಿಕೆ ಸಕ್ಕರೆ. ಇನ್ನೊಂದು, ಪಕ್ಕದವರನ್ನು ಕರೆಯದೆ ಬಸ್ಸಿನಲ್ಲಿ ಬುತ್ತಿ ಬಿಚ್ಚುವುದಿಲ್ಲ. "ಬರ್ರಿ, ಊಟಾ ಮಾಡೂಣು" ಎಂದು ನಮ್ಮ ಕಡೆ ಎಲ್ಲರೂ ಕರೆಯುತ್ತಾರೆ, ನಿಜ. ಆದರೆ ಅದು ಬಾಯಿಮಾತು. ಅತ್ತೆ ಮಾತ್ರ ನೀವು "ಆತ್ರೀ, ನೀವು ಮಾಡ್ರಿ" ಅನ್ನುವಷ್ಟರಲ್ಲಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಅಂಗೈಯಲ್ಲಿ ಇಟ್ಟೇಬಿಟ್ಟಿರುತ್ತಾಳೆ.

ಇಂಥವಳಿಗೆ ಪ್ರಯಾಣದಲ್ಲಿ ಹಾಡು ಕೇಳುವ ಆಸೆ ಹುಟ್ಟಿತು. ಮಗ ಫೋನಿನಲ್ಲೇ ಹಾಡು ತುಂಬಿಕೊಟ್ಟ. "ಹಾಡಿನ ನಡುವ ಫೋನ್ ಬಂದು ಮಂದಿ ಮಾತಾಡ್ತಾರ" ಎಂದು ಎರಡೇ ದಿನಕ್ಕೆ ಅದನ್ನು ವಾಪಸು ಕೊಟ್ಟಳು. ಹಾಡುವುದಕ್ಕೇ ಹುಟ್ಟಿದ ಯಂತ್ರ ಬೇಕಂತೆ. ಅದನ್ನು ಕೊಡಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಗುಟ್ಟಾಗಿ ಕೊಡಿಸಬೇಕಿತ್ತು. ಯಾಕೆಂದರೆ ಆರು ವರ್ಷದಿಂದ ಅತ್ತೆಗೂ ಆಕೆಯ ಒಬ್ಬನೇ ತಮ್ಮನಾದ ನಮ್ಮಪ್ಪನಿಗೂ ಮಾತಿಲ್ಲ. ಕಾರಣ ನನ್ನ ಮದುವೆ. ಅಕ್ಕನ ಮನೆಗೆ ಹೋಗಿ ನಮ್ಮ ಮನೆಯ ಹೆಣ್ಣುಮಕ್ಕಳ ಕೈಯಿಂದ ಕುಂಕುಮ ಹಚ್ಚಿಸಿ ಕರೆಯಬೇಕಾದವನು, ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಅನ್ನುತ್ತ ಕಡೆಗೆ ಲಗ್ನಪತ್ರಿಕೆಯ ಫೋಟೊ ಫೋನಿಗೆ ಕಳಿಸಿದ. ಹೇಳಬಾರದು, ಕಳಿಸಿದ ಬೆರಳು ನನ್ನದೇ. ಬಸ್ಸಿನಲ್ಲಿ ಗುರುತಿಲ್ಲದವರನ್ನೂ ಕೈ ಹಿಡಿದು ಕರೆಯುವ ಅತ್ತೆಯನ್ನು ಸ್ವಂತ ತಮ್ಮ ಸರಿಯಾಗಿ ಕರೆಯಲಿಲ್ಲ. ಆಕೆ ಬರಲಿಲ್ಲ. "ಅಕ್ಕ ಅದಾಳ, ಕರೀದಿದ್ರೂ ಬರಬೇಕಿತ್ತು" ಎಂದು ಅಪ್ಪ ಬಿಗಿದುಕೊಂಡ. ನಡುವೆ ನಾನು, ಇಬ್ಬರಿಗೂ ಬೇಕಾದವಳು, ಒಳಗೊಳಗೇ ಕೊರಗುತ್ತಿದ್ದೆ.

ಮೊದಲು ನವನಗರದ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವನು ವೈರೇ ಇಲ್ಲದ, ಕಡಲೆಕಾಳಿನಷ್ಟು ಪುಟ್ಟ ಇಯರ್‌ಬಡ್ಸ್ ತೋರಿಸಿದ.

"ಇವು ನನಗಾದುವು. ಬಾಜೂದವರಿಗೆ?" ಅಂದಳು ಅತ್ತೆ.

"ಒಂದು ನೀವ್ ಇಟ್ಕೋರಿ, ಒಂದು ಅವರಿಗೆ ಕೊಡ್ರಿ."

ಅತ್ತೆ ಒಂದನ್ನು ಮಾತ್ರ ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದಳು. "ಇದರಾಗ ಬರೇ ತಬಲಾ ಐತಿ. ಹಾಡಾವ ಎಲ್ಲಿ ಹೋದ?" ಇನ್ನೊಂದನ್ನು ನಾನಿಟ್ಟುಕೊಂಡು ನೋಡಿದೆ. ಹಾಡುವವನು ನನ್ನ ಕಡೆ ಇದ್ದ. "ಕರದು ಅರ್ಧಾ ರೊಟ್ಟಿ ಹಾಕ್ತಾರೇನೋ ತಮ್ಮಾ?" ಎಂದು ಕೇಳಿ ಎದ್ದುಬಂದಳು. ಅಂಗಡಿಯವನಿಗೆ ರೊಟ್ಟಿಯ ಮಾತು ಎಲ್ಲಿಂದ ಬಂತೆಂದು ಇಂದಿಗೂ ತಿಳಿದಿರಲಿಕ್ಕಿಲ್ಲ.

ಹಾಗಾದರೆ ಎಲ್ಲರಿಗೂ ಕೇಳುವ ಸ್ಪೀಕರೇ ಇರಲಿ ಎಂದು ಬಾದಾಮಿಯಲ್ಲಿ ತೆಂಗಿನಕಾಯಿಯಷ್ಟು ದೊಡ್ಡದೊಂದು ಕೊಂಡೆವು. ಬಾದಾಮಿಯ ಮಂಗಗಳ ವಿಷಯ ನಿಮಗೆ ಹೇಳಬೇಕೇ? ಅತ್ತೆ ಹಾಡು ಹಚ್ಚಿ ಪರೀಕ್ಷೆ ಮಾಡುತ್ತಿರುವಾಗಲೇ ಒಂದು ಮಂಗ ಅದನ್ನು ಕಸಿದುಕೊಂಡು ಅಂಗಡಿಯ ಮಾಳಿಗೆ ಏರಿತು. ಭಜನೆಯ ಪದ ಮಾಳಿಗೆಯಿಂದ ಊರಿಗೆಲ್ಲ ಕೇಳತೊಡಗಿತು. ಇಳಿಸಲು ನಾನು ಬಾಳೆಹಣ್ಣು ತಂದೆ, ಯಾರೋ ಕೋಲು ತಂದರು. ಅತ್ತೆ ಮಾತ್ರ ಕಟ್ಟೆಯ ಮೇಲೆ ಕೂತು ಗಡಿಯಾರ ನೋಡುತ್ತಿದ್ದಳು. ಮೂರು ತಾಸಾದ ಮೇಲೆ ಹಾಡು ನಿಂತಿತು.

"ಬ್ಯಾಟ್ರಿ ಛಲೋ ಐತಿ," ಎಂದಳು. "ಆದ್ರ ಬ್ಯಾಡ. ಬಸ್ಸಿನ್ಯಾಗ ಕೂಸು ಮಲಗಿರ್ತಾವ, ಓದೋ ಹುಡುಗ್ಯಾರು ಇರ್ತಾರ. ಕರದರ ಬರಬೇಕು, ಒತ್ತಾಯ ಮಾಡಬಾರದು."

ಕಡೆಗೆ ದಾರಿ ತೋರಿಸಿದವರು ಇಳಕಲ್ಲಿನಲ್ಲಿ ರೇಡಿಯೊ ರಿಪೇರಿ ಮಾಡುವ ಚಾಚಾ. ಅತ್ತೆಯ ದೂರನ್ನೆಲ್ಲ ಕೇಳಿ, ಬೆಂಕಿಪೆಟ್ಟಿಗೆಯಷ್ಟು ಪುಟ್ಟ ಪ್ಲೇಯರ್ ತೆಗೆದರು. ಅದಕ್ಕೊಂದು ಕವಲೊಡೆದ ವೈರು ಚುಚ್ಚಿ, ಎರಡು ಜೋಡಿ ಇಯರ್‌ಫೋನ್ ಸಿಕ್ಕಿಸಿದರು. "ತಗೋರಿ ಅಕ್ಕಾರ. ಇಬ್ಬರಿಗೂ ಪೂರಾ ಹಾಡು." ಅತ್ತೆ ಅದನ್ನು ಸೆರಗಿನೊಳಗಿಟ್ಟು, ನೋಡದೆಯೇ ಬೆರಳಲ್ಲಿ ಗುಂಡಿ ಒತ್ತಿ ನಿಲ್ಲಿಸಿದಳು, ನಡೆಸಿದಳು, ದನಿ ಏರಿಸಿದಳು, ಇಳಿಸಿದಳು. ಪಾಸು!

ಅಂದಿನಿಂದ ಆ ರಸ್ತೆಯಲ್ಲಿ ಅತ್ತೆಯ ಪಕ್ಕ ಕೂತು ಹಾಡು ಕೇಳದವರಿಲ್ಲ. ಎರಡನೆಯ ಜೋಡಿಯನ್ನು ಸೆರಗಿನಿಂದ ಒರೆಸಿ, ಮುಂದೆ ಹಿಡಿದು, "ಬರ್ರಿ, ಕೇಳ್ರಿ" ಅನ್ನುತ್ತಾಳೆ. ಪೊಲೀಸಪ್ಪನೊಬ್ಬ ಕೇಳುತ್ತ ನಿದ್ದೆ ಹೋಗಿ, ಅಮೀನಗಡದಲ್ಲಿ ಇಳಿಯಬೇಕಾದವನು ಬಾಗಲಕೋಟೆಯಲ್ಲಿ ಇಳಿದು ಕೈಮುಗಿದು ಹೋದನಂತೆ. ಇಂಥ ಹೆಂಗಸಿನ ಮೇಲೆ ಅಭಿಮಾನ ಪಡದೆ ಇರುವುದು ಹೇಗೆ, ನೀವೇ ಹೇಳಿ.

ಮೊನ್ನೆ ಶುಕ್ರವಾರ ನನ್ನ ಮಗಳ ಹೆಸರಿಡುವ ಕಾರ್ಯಕ್ಕೆ ಸೀರೆ ತರಲು ಅಪ್ಪನೊಂದಿಗೆ ಇಳಕಲ್ಲಿಗೆ ಹೋಗಿದ್ದೆ. ವಾಪಸು ಬರುವ ಬಸ್ಸು ಹತ್ತಿದರೆ ಎರಡೇ ಸೀಟು ಖಾಲಿ. ಒಂದರಲ್ಲಿ ಕೂಸನ್ನೆತ್ತಿಕೊಂಡು ನಾನು ಕೂತೆ. ಇನ್ನೊಂದು ಮುಂದಿನ ಸಾಲಿನಲ್ಲಿ, ಅತ್ತೆಯ ಪಕ್ಕ!

ಅಪ್ಪ ನಿಂತೇ ಇದ್ದ. "ಹಿರಿಯಾರ, ಸೀಟ್ ಐತಲ್ರಿ, ಕುಂದರ್ರಿ" ಎಂದು ಕಂಡಕ್ಟರ್ ಎರಡು ಸಲ ಹೇಳಿದ. ಅಪ್ಪ ಕಿಟಕಿಯಾಚೆ ನೋಡಿದ. ಹುನಗುಂದದಲ್ಲಿ ಮತ್ತಷ್ಟು ಜನ ಹತ್ತಿ ನೂಕಿದಾಗ, ಬೇರೆ ದಾರಿಯಿಲ್ಲದೆ ಸೀಟಿನ ತುದಿಯಲ್ಲಿ ಕೂತ.

ಅತ್ತೆ ತಿರುಗಿ ನೋಡಲಿಲ್ಲ. ಆದರೆ ನೇಮ ನೇಮವೇ. ಎರಡನೆಯ ಜೋಡಿ ತೆಗೆದು, ಸೆರಗಿನಿಂದ ಒರೆಸಿ, ಮುಂದೆ ಹಿಡಿದಳು.

"ಬರ್ರಿ, ಕೇಳ್ರಿ."

ಒಡಹುಟ್ಟಿದ ತಮ್ಮನಿಗೆ ರೀ! ಅಪ್ಪ ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ತೆಗೆದುಕೊಂಡು ಕಿವಿಗಿಟ್ಟುಕೊಂಡ. ಇಬ್ಬರೂ ಮುಂದೆ ನೋಡುತ್ತ ಕೂತರು. ಅಮೀನಗಡ ದಾಟಿತು.

"ಅಕ್ಕಾ, ದನಿ ಸ್ವಲ್ಪ ಕಡಿಮಿ ಮಾಡಬೇ. ಕಿವಿ ಕೆಡತಾವ ನಿನ್ನವು."

ಆರು ವರ್ಷದ ಮೇಲಿನ ಮೊದಲ ಮಾತು ಅದು. ಅತ್ತೆ ದನಿ ಇಳಿಸಿದಳು. "ಇದನ್ನರ ಫೋನಿನ್ಯಾಗ ಕಳಸಲಿಲ್ಲಲ್ಲ, ಪುಣ್ಯಾ" ಎಂದಳು.

ಅಪ್ಪ ತಲೆ ತಗ್ಗಿಸಿದ. "ತಪ್ಪಾತು. ಬರೋ ರವಿವಾರ ಮೊಮ್ಮಗಳ ಹೆಸರಿಡೋದೈತಿ. ಬಾರಬೇ."

ಅತ್ತೆ ಚೀಲದಿಂದ ಕುಂಕುಮದ ಕರಡಿಗೆ ತೆಗೆದು, ಮುಚ್ಚಳ ಬಿಚ್ಚಿ, ಹಿಂದಕ್ಕೆ ತಿರುಗಿ ನನ್ನ ಮುಂದೆ ಹಿಡಿದಳು. ಕೂಸನ್ನು ಅಪ್ಪನ ತೊಡೆಗೆ ದಾಟಿಸಿ ಎದ್ದು ನಿಂತೆ. ನನಗೆ ಅಳು ತಡೆಯಲಾಗಲಿಲ್ಲ. ಹಚ್ಚುವ ಹೊತ್ತಿಗೆ ಸರಿಯಾಗಿ ಬಸ್ಸು ರಸ್ತೆಯ ಕುಣಿಯಲ್ಲಿ ಇಳಿದೆದ್ದಿತು. ಅತ್ತೆಯ ಹಣೆಗೆ ಹಚ್ಚಬೇಕಾದ ಕುಂಕುಮ ಮೂಗಿನ ತುದಿಯವರೆಗೂ ಇಳಿಯಿತು.

ನವನಗರ ಬರುವವರೆಗೂ ಅತ್ತೆ ಅದನ್ನು ಒರೆಸಿಕೊಳ್ಳಲಿಲ್ಲ.