ಫಿನ್ನಿಶ್ ಬಲ್ಲವರು ಬೇಕಾಗಿದ್ದಾರೆ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯ ಮೊದಲರ್ಧವನ್ನು ಹೆಂಡತಿಗೆ ಬಿಟ್ಟುಕೊಟ್ಟು, ಉಳಿದರ್ಧದ ಮೇಲೆ ಬದುಕಿದವನು ನಾನು. ಕೊಳ್ಳೇಗಾಲದ ಗ್ರಾನೈಟ್ ಕಚೇರಿಯೊಂದರಲ್ಲಿ ಮ್ಯಾನೇಜರಾಗಿರುವುದೂ ಈ ಬಾಯಿಯ ದಯೆಯಿಂದಲೇ. ಅಂಥವನಿಗೂ ಮಾತಿನ ಬರ ಬಂತು ನೋಡಿ. ಹನೂರಿನ ಕಡೆಯಿರುವ ನಮ್ಮ ಕ್ವಾರಿಯ ಕಪ್ಪು ಕಲ್ಲು ನೋಡಲು ಫಿನ್‌ಲೆಂಡಿನವನೊಬ್ಬ, ಅವನ ಪಾಲುದಾರ ಜರ್ಮನಿಯವನೊಬ್ಬ ಬರುತ್ತಾರೆಂದು ಸುದ್ದಿಯಾಯಿತು. ಇಂಗ್ಲಿಷ್ ಇದೆಯಲ್ಲ ಅನ್ನಬೇಡಿ. ಅವರದು ಅಷ್ಟಕ್ಕಷ್ಟೇ, ನನ್ನದು ಪತ್ರದ ಕೊನೆಯಲ್ಲಿ ‘ಯುವರ್ಸ್ ಫೇತ್‌ಫುಲಿ’ ಬರೆಯುವಷ್ಟು.

“ಈ ಆರ್ಡರ್ ಕೈಬಿಟ್ರೆ ಕ್ವಾರಿ ಬಾಗ್ಲಾಕದೇಯ. ನೀನೂ ಮನೇಲಿರು, ನಾನೂ ಮನೇಲಿರ್ತೀನಿ. ಓಗಿ ದುಭಾಷಿಗಳ್ನ ಉಡುಕಯ್ಯ,” ಅಂದರು ಸಾಹುಕಾರರು.

ಜೆರಾಕ್ಸ್ ಅಂಗಡಿಯ ಸಿದ್ದರಾಜುವನ್ನು ಕೇಳಿದೆ. “ತಮಿಳಾದ್ರೆ ಏಳಿ ಸಾ, ಸಂಜೆ ಒಳ್ಗೇ ನಾಕು ಜನ ಕರ್ಕಬತ್ತೀನಿ. ಈ ಫಿನ್ನಿಶ್‌ನೋರು ಯಾವ ಕಡೇರು, ಸತ್ಯಮಂಗಲದ ಕಡೇರಾ?” ಅಂದ. ಯಳಂದೂರಿನ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಎಲ್ಲರೂ ಶುಭೋದಯ ಹೇಳಿದರು. ಕೊನೆಗೆ ಮೈಸೂರಿನಲ್ಲಿ ಜರ್ಮನ್ ದುಭಾಷಿ ಮೇಡಂ ಒಬ್ಬರು ಸಿಕ್ಕರು. ಫಿನ್ನಿಶ್ ದುಭಾಷಿಗಳು ಬೆಂಗಳೂರಿನಿಂದ ಫೋನಿನಲ್ಲಿ ಮಾತ್ರ ಸಿಗುತ್ತಾರಂತೆ. ನಮ್ಮ ಕ್ವಾರಿಯಲ್ಲೋ ಸಿಗ್ನಲ್ಲೇ ಇಲ್ಲ. ಫಿನ್‌ಲೆಂಡಿನವನಿಗೂ ಜರ್ಮನ್ ಬರುತ್ತದೆಂದು ತಿಳಿದ ಮೇಲೆ ಹೋದ ಜೀವ ಬಂತು.

“ಒಂದು ಸಲಕ್ಕೆ ಎರಡು ವಾಕ್ಯ ಹೇಳಿ ನಿಲ್ಲಿಸಿ,” ಎಂದು ಮೇಡಂ ಮೊದಲೇ ಎಚ್ಚರಿಸಿದ್ದರು. ನಿಲ್ಲಿಸುವುದು ನನ್ನ ಜಾಯಮಾನವಲ್ಲ. ಅತಿಥಿಗಳು ಕ್ವಾರಿಗೆ ಬಂದ ಬೆಳಿಗ್ಗೆ ಕಲ್ಲಿನ ಗುಣ, ಸಾಹುಕಾರರ ತಾತ ಅದೇ ಬಂಡೆಯ ಮೇಲೆ ಹುರುಳಿ ಒಣಗಿಸಿದ್ದು, ನನ್ನ ಮಂಡಿನೋವು, ಎಲ್ಲವೂ ಜರ್ಮನ್ ಆದವು. ಫಿನ್‌ಲೆಂಡಿನವನು ಮಾತ್ರ ಒಂದು ಸಲ ಬಂಡೆ ಸವರಿದವನು ಆಮೇಲೆ ತುಟಿ ಬಿಚ್ಚಲಿಲ್ಲ. ಸಾಹುಕಾರರ ಮುಖ ಕಪ್ಪಿಟ್ಟಿತು. ನನ್ನ ಕೆಲಸ ಹೋಯಿತೆಂದು ಹೆದರಿ ಇನ್ನಷ್ಟು ಮಾತಾಡಿದೆ.

ಮಧ್ಯಾಹ್ನದ ಊಟ ಸಾಹುಕಾರರೂ ಸೇರಿ ಎಲ್ಲರಿಗೂ ನಮ್ಮ ಮನೆಯಲ್ಲಿ. ಎಲೆಯ ಮುಂದೆ ಕೂತವನೇ ರೇಟಿನ ವಿಷಯಕ್ಕೆ ಪೀಠಿಕೆ ಹಾಕಿದೆ. ಮೇಡಂ ಅನುವಾದಿಸಲು ಬಾಯಿ ತೆರೆದರೆ ಬಂದದ್ದು ಗೊಗ್ಗರು ದನಿ. ನನ್ನ ಹೆಂಡತಿ ಮುದ್ದೆಯ ತಟ್ಟೆ ಹಿಡಿದು ನಡುವೆ ನಿಂತಳು. “ಬೆಳಗಿಂದ ಆಯಮ್ಮನ ಗಂಟ್ಲು ಅರ್ದಾಕಿದ್ದೀರಲ್ರೀ! ಉಣ್ಣೋರ್ನ ಮಾತಾಡಿಸ್ಬಾರ್ದು. ನೀವೂ ಬಾಯ್ಮುಚ್ಕೊಂಡು ಉಣ್ಣಿ.” ಮೇಡಂ ಇದನ್ನು ಅನುವಾದಿಸಲಿಲ್ಲ. ಆದರೂ ಅತಿಥಿಗಳಿಬ್ಬರೂ ಸುಮ್ಮನೆ ತಲೆಯಾಡಿಸಿ ಬಸ್ಸಾರಿಗೆ ಕೈ ಹಾಕಿದರು. ಮನೆಯಲ್ಲಿ ಅಷ್ಟು ಹೊತ್ತು ನಿಶ್ಶಬ್ದವಿದ್ದದ್ದು ನನಗೆ ನೆನಪಿಲ್ಲ.

ಆ ನಿಶ್ಶಬ್ದದಲ್ಲಿ ಫಿನ್‌ಲೆಂಡಿನವನು ನೀರು ಕುಡಿದು, ಮೆಲ್ಲಗೆ ಏನೋ ಹೇಳಿದ. ಮೇಡಂ ತುತ್ತು ನುಂಗಿ ನನ್ನತ್ತ ತಿರುಗಿದರು.

“ಆರ್ಡರ್ ನಿಮಗೇ ಅಂತೆ. ಕಲ್ಲು ಮುಟ್ಟಿದಾಗಲೇ ಒಪ್ಪಿಗೆಯಾಗಿತ್ತಂತೆ. ಮಾತಾಡೋರ ನಡುವೆ ಬಾಯಿ ಹಾಕೋದು ಅವರಲ್ಲಿ ಮರ್ಯಾದೆಯಲ್ಲವಂತೆ. ನೀವು ಮುಗಿಸಲಿ ಅಂತ ಕಾಯ್ತಾ ಇದ್ದರಂತೆ.”

ಸಾಹುಕಾರರು ನನ್ನನ್ನು ನೋಡಲಿಲ್ಲ. “ತಾಯಿ, ಮುಂದಿನ ಸಲಾನೂ ನೀವೇ ಬಡಿಸ್ಬೇಕು,” ಎಂದು ನನ್ನ ಹೆಂಡತಿಗೆ ಕೈಮುಗಿದರು.

ಈ ಬಗ್ಗೆ ಹೇಳಲು ನನಗೂ ನಾಲ್ಕು ಮಾತಿದ್ದವು. ಆದರೆ ಅಷ್ಟರಲ್ಲಿ ಅವಳು ನನ್ನ ಎಲೆಗೆ ಇನ್ನೊಂದು ಮುದ್ದೆ ಹಾಕಿದ್ದಳು.